ಅಪ್‌ಡೇಟ್: ಎರಡನೇ ವಲಯದ ಡಿವಿಡಿ ಕೊನೆಗೂ ಓಡಿತು

ಡಿವಿಡಿಗಳನ್ನೂ ಡ್ರೈವ್‌ಗಳನ್ನೂ ಜಗತ್ತಿನ ಒಂದೊಂದು ಭಾಗಕ್ಕೆ, ಅಂದರೆ ‘ವಲಯ’ಕ್ಕೆ, ಕಟ್ಟಿಹಾಕಿರುತ್ತಾರೆ. ಒಂದನೇ ವಲಯಕ್ಕೆ ಹೊಂದಿಸಿದ ನನ್ನ ಡ್ರೈವ್ ಎರಡನೇ ವಲಯದ ಡಿವಿಡಿಯನ್ನು ಓಡಿಸುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಮೊದಲು ಲಿನಕ್ಸ್‌ನಲ್ಲಿ ರೀಜನ್‌ಸೆಟ್ (ಡ್ರೈವ್‌ನ ವಲಯವನ್ನು ತೋರಿಸುವ, ಬದಲಿಸುವ ತಂತ್ರಾಂಶ) ಓಡಿಸಿದೆ. ಡ್ರೈವ್‌ನ ವಲಯವನ್ನು ನಾವು ಬದಲಿಸಬಹುದಾದದ್ದು ಒಟ್ಟು 5 ಸಲ. ನನ್ನದರಲ್ಲಿ ಉಳಿದಿರುವುದು ಒಂದೇ! ಉಳಿದ ನಾಲ್ಕನ್ನು ಕಳೆದವನು ಬಹುಶಃ ನಾನೇ, ಸಂದೇಶ ಓದದೆ ‘ಸರಿ’ ಒತ್ತುವ ಚಾಳಿಯಿಂದ. ಆ ಲೆಕ್ಕವನ್ನು ಡ್ರೈವ್ ತನ್ನೊಳಗೇ ಇಟ್ಟುಕೊಳ್ಳುವುದರಿಂದ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಿದರೂ ಅದು ಅಳಿಯುವುದಿಲ್ಲ.

ಡಿಸ್ಕನ್ನೂ ಪರೀಕ್ಷಿಸಿದೆ. ವಿಡಿಯೊ_ಟಿಎಸ್ ಫೋಲ್ಡರಿನ ಮುಖ್ಯ ಐಎಫ್‌ಒ ಕಡತದ (ಡಿಸ್ಕಿನ ವಿವರಗಳಿರುವ ಕಡತ) ಆರಂಭದಲ್ಲೇ ವಲಯದ ಬೈಟ್ ಇದೆ: ಎಂಟು ಬಿಟ್‌ಗಳು, ವಲಯಕ್ಕೊಂದು. ಅದರಲ್ಲಿದ್ದದ್ದು 11111101. ಇಲ್ಲಿ 1 ಎಂದರೆ ಅನುಮತಿಯಲ್ಲ, ನಿಷೇಧ. ಬಲದಿಂದ ಎರಡನೆಯ ಸ್ಥಾನದಲ್ಲಿರುವ ಸೊನ್ನೆಯೇ ಎರಡನೇ ವಲಯ. ಇದನ್ನು ತಲೆಕೆಳಗಾಗಿ ಓದಿ ಒಂದು ಸಂಜೆಯನ್ನೇ ಹಾಳು ಮಾಡಿಕೊಂಡೆ.

ಪರಿಹಾರ ಸಿಕ್ಕಿದ್ದು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ. ಅದು ಬಳಸುವ ಲಿಬ್‌ಡಿವಿಡಿಸಿಎಸ್‌ಎಸ್ ಲೈಬ್ರರಿ ಡಿವಿಡಿಯ ಗೂಢಲಿಪಿಯನ್ನು ಬಿಡಿಸುತ್ತದೆ; ಅದರ ವಿಧಾನವನ್ನು ‘ಟೈಟಲ್’ ಎಂದು ನಿಗದಿಪಡಿಸಿದೆ. ಆಗ ಅದು ವಲಯ ಹೊಂದದಿದ್ದರೆ ಡ್ರೈವ್ ಕೊಡದ ಕೀಲಿಯನ್ನು ಡ್ರೈವ್‌ನ ಬಳಿ ಕೇಳುವುದಿಲ್ಲ, ಡಿಸ್ಕಿನ ದತ್ತಾಂಶದಿಂದಲೇ ಊಹಿಸಿಕೊಳ್ಳುತ್ತದೆ. ಚಿತ್ರ ಶುರುವಾಗಲು ತುಸು ತಡವಾಯಿತು, ಆಮೇಲೆ ತೊಡಕಿಲ್ಲ. ಆದರೆ ವಲಯ ಹೊಂದದಿದ್ದರೆ ಗೂಢಲಿಪಿಯ ಭಾಗವನ್ನು ಓದಲೂ ಬಿಡದ ಡ್ರೈವ್‌ಗಳಿವೆ. ಅವುಗಳಲ್ಲಿ ಈ ಉಪಾಯ ನಡೆಯದು.

ಉಳಿದ ಆ ಒಂದು ಬದಲಾವಣೆಯನ್ನು ಮುಟ್ಟಿಲ್ಲ.