ಯಾವ ಸಿನಿಮಾದ ಮ್ಯೂಸಿಕ್ ರೆಕಾರ್ಡಿಂಗ್ ದಿನ ನೀವು ಅಲ್ಲಿರಬೇಕಿತ್ತು ಅನ್ನಿಸುತ್ತದೆ?

ಶ್ರುತಿಪೆಟ್ಟಿಗೆ:
ನಿನ್ನೆ ರಾತ್ರಿ ಮತ್ತೆ ‘ಸನಾದಿ ಅಪ್ಪಣ್ಣ’ ನೋಡಿದೆ. 1977ರ ಸಿನಿಮಾ, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ತೆರೆ ಮೇಲೆ ಬೆರಳಾಡಿಸುವವರು ಅಣ್ಣಾವ್ರು, ನಿಜವಾಗಿ ಶಹನಾಯಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ‘ಕರೆದರೂ ಕೇಳದೆ’ ಹಾಡಲ್ಲಿ ಜಾನಕಿಯಮ್ಮನ ದನಿ ಎಲ್ಲಿ ನಿಂತಿತು, ಶಹನಾಯಿ ಎಲ್ಲಿ ಶುರುವಾಯಿತು ಅಂತ ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಸೋದರಮಾವ ಧಾರವಾಡದ ಕಡೆ ಮದುವೆಗಳಲ್ಲಿ ಸನಾದಿ, ಅಂದರೆ ಶಹನಾಯಿ, ಊದುತ್ತಿದ್ದರು. ಊದುವ ಮುಂಚೆ ಅದರ ತುದಿಯ ರೀಡನ್ನು ತುಟಿ ಮಧ್ಯೆ ಇಟ್ಟು ಒದ್ದೆ ಮಾಡಿಕೊಳ್ಳೋರು, ಮಾತಾಡಿಸಿದರೆ ಕೈಸನ್ನೆಯಲ್ಲೇ ಉತ್ತರ. ಖಾನ್ ಸಾಹೇಬರು ಮೈಕ್ ಮುಂದೆ ಹಾಗೇ ಕೂತು ರೀಡ್ ಹದ ಮಾಡಿಕೊಳ್ಳುವ ಆ ಎರಡು ನಿಮಿಷ ನೋಡಿದ್ದರೆ ಸಾಕಿತ್ತು ನನಗೆ. ನಿಮಗೆ ಯಾವುದು?

ಇರುಳುಗಣ್ಣು:
ನನಗೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಎರಡನೇ ಮಾತೇ ಇಲ್ಲ. ರವಿಶಂಕರ್ ಅವರಿಗೆ ಬಿಡುವಿರಲಿಲ್ಲ, ಪೂರ್ತಿ ಸಿನಿಮಾ ನೋಡುವುದಕ್ಕೂ ಆಗಲಿಲ್ಲ, ಒಂದೇ ಪಟ್ಟಿಗೆ ಕೂತು ಬೆಳಗಿನ ಜಾವದವರೆಗೆ ನುಡಿಸಿ ಕೊಟ್ಟು ಹೋದರು. ಕಡಿಮೆ ಬಿದ್ದ ಒಂದು ಕಡೆಗೆ ಆಮೇಲೆ ಕ್ಯಾಮೆರಾಮನ್ ಸುಬ್ರತ ಮಿತ್ರ ಅವರೇ ಸಿತಾರ್ ನುಡಿಸಿದರು! ದುರ್ಗಾ ತೀರಿಕೊಂಡ ಮೇಲೆ ಹರಿಹರ ಊರಿಂದ ಬರುತ್ತಾನೆ, ಮಗಳಿಗೆ ಅಂತ ತಂದ ಸೀರೆ ತೋರಿಸುತ್ತಾನೆ, ಸರ್ವಜಯಾ ಅದನ್ನು ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಅಳು ಕೇಳಿಸುವುದೇ ಇಲ್ಲ. ಆ ಜಾಗದಲ್ಲಿ ಬರುವುದು ತಾರ್ ಶಹನಾಯಿ. ಹೆಸರು ಶಹನಾಯಿ, ಆದರೆ ಊದುವುದಲ್ಲ, ಕಮಾನಿನಿಂದ ನುಡಿಸುವ ತಂತಿವಾದ್ಯ. ಒಬ್ಬ ತಾಯಿಯ ಅಳುವಿಗೆ ಬದಲಾಗಿ ನಾನು ನುಡಿಸಬೇಕು ಅಂತ ಗೊತ್ತಿದ್ದು ಆ ವಾದಕರು ಕಮಾನು ಎತ್ತಿದಾಗ ಆ ಕೋಣೆ ಹೇಗಿದ್ದಿರಬಹುದು ಅಂತ ಯೋಚಿಸುತ್ತೇನೆ.

ಮೂರನೇ_ಸಾಲು:
1957ರ ಡಿಸೆಂಬರ್, ಪ್ಯಾರಿಸ್. ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಮೊದಲ ಕಥಾಚಿತ್ರ ‘ಎಲಿವೇಟರ್ ಟು ದ ಗ್ಯಾಲೋಸ್’ಗೆ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಟ್ರಂಪೆಟ್. ಜೊತೆಗೆ ನಾಲ್ಕೇ ಜನ. ಗೋಡೆ ಮೇಲೆ ಸಿನಿಮಾದ ತುಣುಕು ಮತ್ತೆ ಮತ್ತೆ ಓಡುತ್ತಿತ್ತು, ಅದನ್ನು ನೋಡ್ತಾ ಅಲ್ಲೇ ಹುಟ್ಟಿಸಿ ನುಡಿಸಿದರು. ಒಂದೇ ರಾತ್ರಿಗೆ ಮುಗೀತು. ಮೂಲೆಯಲ್ಲಿ ನಿಂತುಕೊಂಡಾದರೂ ನೋಡಬೇಕಿತ್ತು.

ಪಿಟೀಲು_ಮನೆ:
ನೀವೆಲ್ಲ ಚಿಕ್ಕ ಕೋಣೆಗಳ ಬಗ್ಗೆ ಹೇಳುತ್ತಿದ್ದೀರಿ, ನನಗೆ ದೊಡ್ಡ ಆರ್ಕೆಸ್ಟ್ರಾನೇ ಬೇಕು. 1982ರ ‘ಇ.ಟಿ.’, ಕೊನೆಯ ಭಾಗ. ಸಿನಿಮಾ ಓಡಿಸುತ್ತಾ ಪ್ರತಿ ಶಾಟ್‌ಗೂ ಸರಿಯಾಗಿ ತಾಳ ಕೂರಿಸಲು ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಟೇಕ್ ಮೇಲೆ ಟೇಕ್ ತೆಗೆದುಕೊಂಡರು, ಮನಸ್ಸಿಗೆ ಒಪ್ಪಲಿಲ್ಲ. ಆಗ ನಿರ್ದೇಶಕ ಸ್ಪೀಲ್‌ಬರ್ಗ್ ಸಿನಿಮಾ ನಿಲ್ಲಿಸಿಬಿಟ್ಟರು, ಕಛೇರಿಯಲ್ಲಿ ನುಡಿಸಿದ ಹಾಗೆ ನುಡಿಸಿ ಅಂದರು, ಆಮೇಲೆ ಆ ಸಂಗೀತಕ್ಕೆ ಹೊಂದುವ ಹಾಗೆ ಎಡಿಟಿಂಗನ್ನೇ ಬದಲಾಯಿಸಿದರು. ನಾನು ಪಿಟೀಲು ನುಡಿಸುವವಳು. ಕಿವಿಯಲ್ಲಿ ಕ್ಲಿಕ್ ಟ್ರ್ಯಾಕ್ (ತಾಳ ತಪ್ಪದಿರಲು ಟಿಕ್ ಟಿಕ್ ಅನ್ನುವ ಸದ್ದು) ಹಾಕಿಕೊಂಡು ನುಡಿಸುವಾಗ ಕಮಾನು ಗಡಿಯಾರದ ಮುಳ್ಳಿನ ಹಾಗೆ ಬಿಗಿಯಾಗುತ್ತದೆ. ಎದುರಿಗಿನ ತೆರೆ ಆರಿದ ತಕ್ಷಣ ಆ ಪಿಟೀಲಿನವರ ಭುಜ ಸಡಿಲವಾಗಿದ್ದನ್ನು ನಾನು ನೋಡಬೇಕಿತ್ತು, ಅಷ್ಟೇ.

ಶ್ರುತಿಪೆಟ್ಟಿಗೆ:
@ಇರುಳುಗಣ್ಣು, ಇಷ್ಟು ವರ್ಷ ಅದು ಯಾರೋ ಊದಿದ್ದು ಅಂತಲೇ ಅಂದುಕೊಂಡಿದ್ದೆ ನಾನು! ಸನಾದಿ ಕೇಳ್ತಾನೇ ಬೆಳೆದವನು. ಆ ದೃಶ್ಯ ಹಾಕಿಕೊಂಡು ಕೂತಿದ್ದೇನೆ, ಹರಿಹರ ಈಗಷ್ಟೇ ಮನೆಗೆ ಬಂದ.