ಇನ್ನು ಮೂರೇ ಅಡಿ!

ಗುಂಡ ಫೋನ್ ಮುಂದಕ್ಕೆ ಹಿಡಿದ. ಅದರಲ್ಲೊಂದು ಚಿತ್ರ: ಒಬ್ಬ ಗುದ್ದಲಿ ಹೆಗಲಿಗೇರಿಸಿ ಸೋತು ವಾಪಸ್ ಹೋಗುತ್ತಿದ್ದಾನೆ, ಅವನ ಸುರಂಗದಿಂದ ಮೂರೇ ಅಡಿ ಆಚೆ ಚಿನ್ನ ಫಳಫಳ. ಕೆಳಗೆ ‘ಛಲ ಬಿಡಬೇಡಿ’.

"ಯಾವ ಕಡೆಗೆ?" ಅಂದರು ಭಟ್ರು.

"ಏನು ಯಾವ ಕಡೆಗೆ?"

"ಮೂರಡಿ ಕಣೋ. ಎಡಕ್ಕಾ, ಬಲಕ್ಕಾ, ಕೆಳಕ್ಕಾ? ಚಿತ್ರ ಬರೆದವನಿಗೆ ಬಂಡೆಯ ಒಳಗೂ ಕಾಣುತ್ತೆ. ಅಗೆಯೋನಿಗೆ ಮುಂದೆ ಕಲ್ಲು, ಹಿಂದೆ ಸಾಲ ಕೊಟ್ಟವನು."

"ಬಂಡೆಯೊಳಗಿನ ಚಿನ್ನದ ಎಳೆ ಹಿಡಿದು ನೇರ ಹೋದರಾಯ್ತು, ಭಟ್ರೇ."

"ನೇರ ಇದ್ದರೆ ತಾನೆ! ಅದು ಹುಟ್ಟಿದ್ದೇ ಬಿರುಕಿನಲ್ಲಿ. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ 300 ಡಿಗ್ರಿ ಆಸುಪಾಸು ಕಾದ ನೀರು, ಮೇಲಿನ ಒತ್ತಡಕ್ಕೆ ಕುದಿಯೋ ಹಾಗೂ ಇಲ್ಲ. ಗಂಧಕದ ಜೊತೆ ಸೇರಿ ಚಿನ್ನ ಅದರಲ್ಲಿ ಕರಗಿ ಬರುತ್ತೆ. ಭೂಮಿ ಅಲುಗಿ ಬಂಡೆ ಬಾಯಿ ಬಿಟ್ಟಾಗ ಒತ್ತಡ ಗಕ್ಕನೆ ಇಳಿಯುತ್ತೆ, ನೀರು ಚಿನ್ನವನ್ನು ಅಲ್ಲೇ ಕೈಬಿಡುತ್ತೆ. ಬೆಣಚುಕಲ್ಲು ಬೆಳೆದು ಬಾಯಿ ಮುಚ್ಚುತ್ತೆ. ಮತ್ತೆ ಅಲುಗಾಟ, ಮತ್ತೆ ಬಿರುಕು. ದಾರಿಯಲ್ಲಿ ಕಬ್ಬಿಣ ಜಾಸ್ತಿ ಇರೋ ಬಂಡೆ ಸಿಕ್ಕಿತೋ, ಗಂಧಕವನ್ನು ಆ ಕಬ್ಬಿಣ ಕಿತ್ತುಕೊಂಡು ಪೈರೈಟ್ ಅನ್ನೋ ಖನಿಜ ಆಗುತ್ತೆ, ಚಿನ್ನ ಅನಾಥ."

"ಅಂದ್ರೆ ಎಳೆ ಪೂರ್ತಿ ಚಿನ್ನ ಇರಲ್ವಾ?" ಪಕ್ಕದಲ್ಲಿದ್ದ ಸೀನಿಗೆ ಬೇಜಾರು.

"ಇಲ್ಲಿ ಮಾರಗಲ ಇರೋದು ಹತ್ತು ಹೆಜ್ಜೆ ಆಚೆ ಬೆರಳಗಲ ಆಗುತ್ತೆ. ಬಿರುಕು ತಿರುಗಿದ ಕಡೆ, ಎರಡು ಬಿರುಕು ಕೂಡಿದ ಕಡೆ ಗಟ್ಟಿ ಸರಕು ಸಿಗಬಹುದು. ಬಿಳಿ ಕಲ್ಲಿನ ಒಂದು ತುಣುಕಿನಲ್ಲಿ ಕಪ್ಪು ಗೆರೆ ಪಕ್ಕ ಹಳದಿ ಚುಕ್ಕೆ ಕಣ್ಣಿಗೇ ಕಾಣುತ್ತೆ, ಅದರ ಪಕ್ಕದ ತುಣುಕು ಬರೀ ಕಲ್ಲು. ಹಾಗೆ ನೋಡಿದರೆ ಮಾಮೂಲಿ ಬಂಡೆಯಲ್ಲೂ ಟನ್ನಿಗೆ ಕೆಲವು ಮಿಲಿಗ್ರಾಂ ಚಿನ್ನ ಇದ್ದೇ ಇರುತ್ತೆ."

"ಎಲ್ಲಾ ಬಂಡೆಯಲ್ಲೂನಾ?"

"ನೀನು ಕೂತಿದ್ದೀಯಲ್ಲ, ಅದರಲ್ಲೂ. ಛಲ ಬಿಡಬೇಡ."

ಗುಂಡ ಎದ್ದು ನಿಂತು ಕಲ್ಲನ್ನು ಒಮ್ಮೆ ನೋಡಿಯೇಬಿಟ್ಟ.

"ಕೋಲಾರದಲ್ಲಿ ಮೂರಡಿ ಅಲ್ಲಪ್ಪ, ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿದರು," ಭಟ್ರ ದನಿ ಸ್ವಲ್ಪ ತಗ್ಗಿತು. "ಅಷ್ಟು ಆಳದಲ್ಲಿ ಬಂಡೆಯೇ ಬಿಸಿ, ಒತ್ತಡಕ್ಕೆ ಸಿಡಿಯೋದು, ಜನ ಸಾಯೋರು. ಆದರೂ ಮಾರನೇ ದಿನ ಇಳಿಯೋರು. ಟನ್ನಿಗೆ ಸಿಗೋ ಚಿನ್ನ ಮಾತ್ರ ಕಮ್ಮಿಯಾಗ್ತಾ ಹೋಯ್ತು, ಖರ್ಚು ಏರ್ತಾ ಹೋಯ್ತು. 2001ರಲ್ಲಿ ಬಾಗಿಲು ಹಾಕಿದರು. ಅವರಿಗೆ ಛಲ ಇರಲಿಲ್ಲ ಅಂತೀಯಾ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಹಾಗಾದ್ರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗೋದು ಹೇಗೆ?" ಗುಂಡ ಕೇಳಿದ.

"ಕೊರೆದು ಕಲ್ಲು ತೆಗೆದು ಪರೀಕ್ಷೆ ಮಾಡ್ತಾರೆ. ಅಕ್ಕಪಕ್ಕದ ಎರಡು ತೂತು ಎರಡು ಲೆಕ್ಕ ಹೇಳುತ್ತೆ. ಚಿನ್ನ ಸಿಕ್ಕರೆ ಯಜಮಾನನ ಛಲ, ಸಿಗದಿದ್ದರೆ ಭೂವಿಜ್ಞಾನಿ ಸರಿಯಿಲ್ಲ."