ಹಳದಿ ರೈನ್ ಲಿಲ್ಲಿಗೆ ಗುಲಾಬಿ ಬಣ್ಣದ ರೈನ್ ಲಿಲ್ಲಿಯ ಪರಾಗ ಹಾಕಿದೆ, ಸಸಿಗಳೆಲ್ಲ ಹಳದಿಯೇ! ಎಲ್ಲಿ ತಪ್ಪಾಯಿತು?

ತಾರಸಿ ತೋಟ, ಮೈಸೂರು:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಜೂನ್‌ನಲ್ಲಿ ಮೊದಲ ಸಲ ತಳಿ ಸೇರಿಸಲು ಕೈ ಹಾಕಿದೆ. ತಾಯಿ ನಮ್ಮ ಮನೆಯ ಹಳದಿ ಸಿಟ್ರಿನಾ ಜಾತಿ, ಪರಾಗ ಗುಲಾಬಿ ಬಣ್ಣದ ರೋಸಿಯಾ ಜಾತಿಯದ್ದು. ಮೂರು ವಾರಕ್ಕೆ ಕಾಯಿ ಒಡೆದು 31 ಕಪ್ಪು ಬೀಜ ಸಿಕ್ಕವು, 22 ಮೊಳೆತವು. ಈ ಮಳೆಗೆ 9 ಸಸಿ ಹೂ ಬಿಟ್ಟಿವೆ. ಒಂಬತ್ತೂ ಅಚ್ಚ ಹಳದಿ, ತಾಯಿಯ ಪಕ್ಕ ಇಟ್ಟರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಪೀಚ್ ಬಣ್ಣ ಬರಬಹುದೆಂದು ಒಂದು ವರ್ಷ ಕಾದಿದ್ದೆ, ತುಂಬಾ ಬೇಜಾರಾಗಿದೆ. ಉಳಿದ 13 ಸಸಿಗಳನ್ನು ಇಟ್ಟುಕೊಳ್ಳಲೋ ಬೇಡವೋ?

ಅಂಗಳದ ಹೂ, ಶಿರಸಿ:
ಮೇಡಂ, ಗಂಡು ಭಾಗ ತೆಗೆದಿದ್ದು ಯಾವಾಗ? ಹೂ ಅರಳಿದ ಮೇಲೋ, ಮೊಗ್ಗಿನಲ್ಲೋ?

ತಾರಸಿ ತೋಟ, ಮೈಸೂರು:
ಅರಳಿದ ಮೇಲೆ, ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ. ಆರೂ ಕೇಸರ ಕಿತ್ತೆ.

ಅಂಗಳದ ಹೂ, ಶಿರಸಿ:
ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಹೂವಿನ ಸ್ವಂತ ಪರಾಗವೇ ಬಿದ್ದಿರಬಹುದು. ಹಿಂದಿನ ಸಂಜೆಯೇ, ಮೊಗ್ಗು ಉಬ್ಬಿ ನಾಳೆ ಅರಳುತ್ತದೆ ಅನ್ನುವಾಗ, ಎಸಳನ್ನು ಉಗುರಿನಿಂದ ಮೆಲ್ಲಗೆ ಸೀಳಿ ಚಿಮುಟದಿಂದ ತೆಗೆಯಬೇಕು. ಆಗ ಪರಾಗದ ಚೀಲ ಇನ್ನೂ ನುಣ್ಣಗೆ ಇರುತ್ತದೆ. ಹಳದಿ ಪುಡಿ ಬೆರಳಿಗೆ ಅಂಟಿತು ಅಂದರೆ ಆ ಹೂ ಬಿಟ್ಟುಬಿಡಿ. ತೆಗೆದ ಮೇಲೆ ನಾನು ಸ್ಟ್ರಾ ಒಂದು ಇಂಚು ಕತ್ತರಿಸಿ, ಒಂದು ತುದಿ ಮಡಚಿ, ಹೆಣ್ಣು ಭಾಗದ ಮೇಲೆ ಟೋಪಿ ಥರ ಹಾಕುತ್ತೇನೆ. ಇರುವೆ, ಜೇನು ಎರಡೂ ಮುಟ್ಟುವುದಿಲ್ಲ.

ಆದರೆ ನಿಮ್ಮ ತೊಂದರೆಗೆ ಇದೊಂದೇ ಕಾರಣ ಅನ್ನಿಸುವುದಿಲ್ಲ. ಸಿಟ್ರಿನಾ ತಾಯಿಯಾದರೆ ಮೊಗ್ಗಿನಲ್ಲೇ ತೆಗೆದರೂ ಹೀಗಾಗಬಹುದು. ರೈನ್ ಲಿಲ್ಲಿಗಳಲ್ಲಿ ಕೆಲವು ಗಂಡಿನ ಪಾಲು ಸೇರದೆಯೇ ಬೀಜ ಕಟ್ಟುತ್ತವೆ, ಅದಕ್ಕೆ ಅಪೊಮಿಕ್ಸಿಸ್ ಅನ್ನುತ್ತಾರೆ. ಕೆಲವಕ್ಕೆ ಪರಾಗ ಬೀಳಲೇಬೇಕು, ಆದರೆ ಅದು ಬೀಜದೊಳಗಿನ ಆಹಾರದ ಭಾಗ ಬೆಳೆಯಲು ಮಾತ್ರ, ಮೊಳಕೆ ಮಾತ್ರ ಪೂರ್ತಿ ತಾಯಿಯದ್ದೇ. ಅದಕ್ಕೇ ನಿಮಗೆ ಕಾಯಿ ಕಟ್ಟಿದ್ದು ನೋಡಿ ಸೇರಿತು ಅನ್ನಿಸಿದೆ, ಅಲ್ವಾ? ನನಗೂ ಎರಡು ವರ್ಷ ಹೀಗೇ ಆಗಿತ್ತು.

ಪರೀಕ್ಷೆ ಮಾಡಿ ನೋಡಿ. ಒಂದು ಹೂವಿನ ಗಂಡು ಭಾಗ ಮೊಗ್ಗಿನಲ್ಲೇ ತೆಗೆದು, ಟೋಪಿ ಹಾಕಿ, ಏನೂ ಹಚ್ಚದೆ ಬಿಡಿ. ಕಾಯಿ ಕಟ್ಟಿದರೆ ಉತ್ತರ ಸಿಕ್ಕಿತು. ಕಟ್ಟದಿದ್ದರೂ ಸಂಶಯ ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಪರಾಗ ಬಿದ್ದರೆ ಮಾತ್ರ ತಾಯಿಯದ್ದೇ ಬೀಜ ಕಟ್ಟುವ ಆ ಎರಡನೇ ಬಗೆ ಇದೆಯಲ್ಲ.

ಪರಿಹಾರ ಅಂದರೆ ಜೋಡಿ ತಿರುಗಿಸುವುದು. ಹಳದಿಯನ್ನು ತಂದೆ ಮಾಡಿ. ಬಿಳಿ ಕ್ಯಾಂಡಿಡಾ ಒಳ್ಳೆಯ ತಾಯಿ. ಕ್ಯಾಂಡಿಡಾ ಮತ್ತು ಸಿಟ್ರಿನಾ ಸೇರಿಯೇ ಅಜಾಕ್ಸ್ ಅನ್ನುವ ಹಳೆಯ ತಳಿ ಬಂದಿದ್ದು, ತಿಳಿ ಹಳದಿ ಹೂ. ನನ್ನ ಜೋಡಿಯಲ್ಲಿ 14 ಸಸಿ ಹೂ ಬಿಟ್ಟವು, ಹೆಚ್ಚಿನವು ಬೆಣ್ಣೆ ಬಣ್ಣ. ಒಂದರ ಎಸಳಿನ ಬೆನ್ನಿಗೆ ಮಾತ್ರ ನಸುಗೆಂಪು ಗೆರೆ. ಅದು ಎಲ್ಲಿಂದ ಬಂತೋ, ಆದರೆ ನನಗೆ ತುಂಬಾ ಇಷ್ಟವಾದ ಹೂ ಅದೇ. ಎರಡೂ ಒಂದೇ ದಿನ ಅರಳದಿದ್ದರೆ ಹಳದಿಯ ಪರಾಗವನ್ನು ಕಾಗದದಲ್ಲಿ ಒಂದು ದಿನ ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಆ 13 ಸಸಿ ಎಸೆಯಬೇಡಿ! ಇಂಥ ಗಿಡ ಕೆಲವೊಮ್ಮೆ ತನ್ನದೇ ನಕಲು ಮಾಡುತ್ತಲೇ ಒಂದೆರಡು ನಿಜವಾದ ಮಿಶ್ರ ಬೀಜವನ್ನೂ ಕೊಡಬಹುದು. ಎಲೆ ನೋಡಿ. ಸಿಟ್ರಿನಾದ ಎಲೆ ಸಣ್ಣ, ರೋಸಿಯಾದ್ದು ಚಪ್ಪಟೆ, ಸ್ವಲ್ಪ ಅಗಲ.

ತಾರಸಿ ತೋಟ, ಮೈಸೂರು:
ಈಗಷ್ಟೇ ಮೇಲೆ ಹೋಗಿ ನೋಡಿ ಬಂದೆ. ಹತ್ತು ಪೂರ್ತಿ ಹಳದಿಯ ಥರವೇ ಇವೆ. ಎರಡು ತೀರಾ ಚಿಕ್ಕವು, ಏನೂ ಹೇಳಲಾಗದು. ಒಂದರ ಎಲೆ ಮಾತ್ರ ಎದ್ದು ಕಾಣುವಷ್ಟು ಅಗಲ. ಅದನ್ನು ಬೇರೆ ಕುಂಡಕ್ಕೆ ಹಾಕಿ ಗುರುತು ಕಟ್ಟಿದ್ದೇನೆ.

ಅಂಗಳದ ಹೂ, ಶಿರಸಿ:
ಅದನ್ನೇ ಜೋಪಾನ ಮಾಡಿ. ಮೊದಲ ಹೂ ನೋಡಿ ತೀರ್ಮಾನ ಬೇಡ, ಎರಡು ಮೂರು ಸಲ ಅರಳಲಿ. ಹೂ ಬಿಟ್ಟ ದಿನ ಇಲ್ಲೇ ಫೋಟೋ ಹಾಕಿ.